ಅಂಕಣದ ನಡುವಿನ ಗೆರೆ

2023ರ ಅಕ್ಟೋಬರ್ 15ರ ಭಾನುವಾರ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕಿನಿಕ್ ಸ್ಟೇಡಿಯಮ್ಮಿನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಆ ಸ್ಟೇಡಿಯಂ ಇರುವುದು ಅಮೆರಿಕನ್ ಫುಟ್‌ಬಾಲಿಗೆ. ಮೇಲೆ ಚಾವಣಿಯಿಲ್ಲದ ಬಯಲು. ಅಲ್ಲಿ ಮರದ ಹಲಗೆಗಳ ಅಂಕಣ ಜೋಡಿಸಿ, ಬೀಸುವ ತಣ್ಣನೆಯ ಗಾಳಿಯಲ್ಲಿ, ಅಯೋವಾದ ಹುಡುಗಿಯರು ಡಿಪಾಲ್ ವಿಶ್ವವಿದ್ಯಾಲಯದ ಹುಡುಗಿಯರ ಎದುರು ಆಡಿದರು. ಗೆದ್ದರೂ ಸೋತರೂ ಋತುವಿನ ಲೆಕ್ಕಕ್ಕೆ ಬಾರದ ಪ್ರದರ್ಶನ ಪಂದ್ಯ ಅದು. ನೋಡಲು ಬಂದವರು 55,646 ಮಂದಿ. ಅಮೆರಿಕದ ಕಾಲೇಜು ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಅಷ್ಟು ಜನರನ್ನು ಅದಕ್ಕೂ ಮೊದಲು ಒಂದೆಡೆ ಕಂಡಿರಲಿಲ್ಲ.

ಬಂದವರಲ್ಲಿ ಬಹುಪಾಲು ಜನ ನೋಡಲು ಬಂದಿದ್ದು ಅದೇ ರಾಜ್ಯದ ಇಪ್ಪತ್ತೊಂದು ವಯಸ್ಸಿನ ಕೇಟ್ಲಿನ್ ಕ್ಲಾರ್ಕ್‌ಳನ್ನು. ಮುಂದಿನ ಏಪ್ರಿಲಿನಲ್ಲಿ ಆಕೆಯ ತಂಡ ರಾಷ್ಟ್ರೀಯ ಫೈನಲಿನಲ್ಲಿ ಸೌತ್ ಕೆರೊಲಿನಾ ಎದುರು 75-87ರಿಂದ ಸೋತಿತು. ಆ ಸೋಲನ್ನು ಟಿ.ವಿ.ಯಲ್ಲಿ ಸುಮಾರು 1 ಕೋಟಿ 89 ಲಕ್ಷ ಜನ ನೋಡಿದರು. ಅದೇ ವರ್ಷದ ಗಂಡಸರ ಫೈನಲನ್ನು ನೋಡಿದವರು ಸುಮಾರು 1 ಕೋಟಿ 48 ಲಕ್ಷ. ಹೆಂಗಸರ ಪಂದ್ಯ ಗಂಡಸರದನ್ನು ಹಿಂದೆ ಹಾಕಿದ್ದು ಅದೇ ಮೊದಲು. ನಂತರ ಆಕೆ ಇಂಡಿಯಾನಾ ಫೀವರ್ ತಂಡದ ಮೂಲಕ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಗೆ ಹೋದಳು. ಜನ ಅಲ್ಲಿಗೂ ಹಿಂದೆಯೇ ಹೋದರು.

ಪತ್ರಿಕೆಗಳೆಲ್ಲ ಇದನ್ನು 'ಇದ್ದಕ್ಕಿದ್ದಂತೆ' ಆದದ್ದು ಎಂಬ ಧಾಟಿಯಲ್ಲಿ ಬರೆದವು. ಚರಿತ್ರೆ ಓದುವವರಿಗೆ ಈ ಪದ ಕಂಡ ಕೂಡಲೇ ಸ್ವಲ್ಪ ಅನುಮಾನ ಬರಬೇಕು. ನನಗೆ ಕಾಡಿದ ಪ್ರಶ್ನೆ ಬೇರೆ: ಅಯೋವಾವೇ ಏಕೆ? ನ್ಯೂಯಾರ್ಕ್ ಅಲ್ಲ, ಲಾಸ್ ಏಂಜಲೀಸ್ ಅಲ್ಲ. ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆಗೆ ಹೆಸರಾದ, ಚಳಿಗಾಲದಲ್ಲಿ ಹಿಮ ಹೊದ್ದು ಮಲಗುವ ರೈತಾಪಿ ರಾಜ್ಯ. ಅಲ್ಲಿನ ಜನಕ್ಕೆ ಹುಡುಗಿಯರ ಆಟಕ್ಕೆ ಟಿಕೆಟ್ ಕೊಳ್ಳುವ ಅಭ್ಯಾಸ ಎಲ್ಲಿಂದ ಬಂತು? ಹುಡುಕುತ್ತ ಹೋದರೆ ಸಿಗುವುದು ಅಂಕಣದ ನಡುವೆ ಎಳೆದ ಒಂದು ಗೆರೆ.

ಆ ಗೆರೆ ಎಳೆದವಳು ಸೆಂಡಾ ಬೆರೆನ್ಸನ್. ಇಟಲಿಯ ರೆನೆಸಾನ್ಸ್ ಚಿತ್ರಕಲೆಯ ಬಗ್ಗೆ ಬರೆದು ಪ್ರಸಿದ್ಧನಾದ ವಿಮರ್ಶಕ ಬರ್ನಾರ್ಡ್ ಬೆರೆನ್ಸನ್‌ನ ತಂಗಿ. ಲಿಥುವೇನಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಬಂದ ಯಹೂದಿ ಕುಟುಂಬದವಳು. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಹೊಡೆದು ಈ ಆಟ ಶುರುಮಾಡಿದಾಗ, ಬೆರೆನ್ಸನ್ ಅಲ್ಲಿಗೆ ಹತ್ತಿರದ ಸ್ಮಿತ್ ಮಹಿಳಾ ಕಾಲೇಜಿನಲ್ಲಿ ವ್ಯಾಯಾಮ ಶಿಕ್ಷಕಿ. ಆಟದ ಬಗ್ಗೆ ಓದಿದಳು, ತನ್ನ ವಿದ್ಯಾರ್ಥಿನಿಯರಿಗೆ ಕಲಿಸಿದಳು. 1893ರ ಮಾರ್ಚಿನಲ್ಲಿ ಮೊದಲ ವರ್ಷದವರಿಗೂ ಎರಡನೆಯ ವರ್ಷದವರಿಗೂ ಪಂದ್ಯ ಇಟ್ಟಳು. ಪಂದ್ಯ ಆರಂಭಿಸಲು ಬೆರೆನ್ಸನ್ ಚೆಂಡನ್ನು ಮೇಲಕ್ಕೆ ಎಸೆದದ್ದೇ ತಡ, ಅದು ಮೊದಲ ವರ್ಷದವರ ನಾಯಕಿಯ ಎತ್ತಿದ ಕೈಗೆ ತಗುಲಿ ಆಕೆಯ ಭುಜದ ಕೀಲು ತಪ್ಪಿತು. ಒಳಗೆ ಕರೆದೊಯ್ದು ಕೀಲು ಕೂರಿಸಿ, ಬದಲಿ ಹುಡುಗಿಯನ್ನು ಇಳಿಸಿ ಆಟ ಮುಂದುವರಿಸಿದರು. ಅಷ್ಟು ಹೊತ್ತೂ ವ್ಯಾಯಾಮಶಾಲೆ ಹುಡುಗಿಯರ ಕಿರುಚಾಟದಿಂದ ತುಂಬಿತ್ತು. ಗಂಡಸರಿಗೆ ಮಾತ್ರ ಒಳಗೆ ಪ್ರವೇಶವಿರಲಿಲ್ಲ.

ಹುಡುಗಿಯರು ಹೀಗೆ ಮೈಮರೆತು ಆಡುವುದು ಕಂಡು ಬೆರೆನ್ಸನ್‌ಗೆ ಸಂತೋಷವೂ ಆಯಿತು, ಭಯವೂ ಆಯಿತು. ಹೆಣ್ಣಿನ ನರಮಂಡಲ ಅಷ್ಟು ಆಯಾಸ ತಾಳದು ಎಂದು ವೈದ್ಯರೇ ಹೇಳುತ್ತಿದ್ದ ಕಾಲ. ಆಕೆ ಅಂಕಣವನ್ನು ಮೂರು ಭಾಗ ಮಾಡಿದಳು. ತನ್ನ ಭಾಗ ಬಿಟ್ಟು ಯಾರೂ ಕದಲುವಂತಿಲ್ಲ. ಚೆಂಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುವಂತಿಲ್ಲ, ಮೂರು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ, ಇನ್ನೊಬ್ಬಳ ಕೈಯಿಂದ ಕಿತ್ತುಕೊಳ್ಳುವಂತಿಲ್ಲ. ಇದನ್ನು ಬರೀ ದಬ್ಬಾಳಿಕೆ ಎಂದು ಓದಿದರೆ ಬೆರೆನ್ಸನ್‌ಗೆ ಅನ್ಯಾಯ ಮಾಡಿದಂತೆ. ಈ ನಿಯಮಗಳಿಲ್ಲದಿದ್ದರೆ ಕಾಲೇಜಿನ ಹಿರಿಯರು ಆಟವನ್ನೇ ನಿಲ್ಲಿಸುತ್ತಿದ್ದರೇನೋ. ಗೆರೆ ಎಳೆದದ್ದರಿಂದಲೇ ಆಟ ಉಳಿಯಿತು. ಉಳಿದ ಆಟದೊಳಗೆ ಗೆರೆಯೂ ಉಳಿಯಿತು.

ಇದೇ ಹೊತ್ತಿಗೆ ನ್ಯೂ ಆರ್ಲಿಯನ್ಸ್‌ನ ನ್ಯೂಕೂಮ್ ಕಾಲೇಜಿನಲ್ಲಿ ಕ್ಲಾರಾ ಬೇರ್ ಎಂಬ ಇನ್ನೊಬ್ಬ ಶಿಕ್ಷಕಿ 1895ರಲ್ಲಿ ಹೆಂಗಸರ ಬ್ಯಾಸ್ಕೆಟ್‌ಬಾಲಿಗೆ ಇನ್ನೂ ಬಿಗಿಯಾದ ನಿಯಮಗಳನ್ನು ಅಚ್ಚು ಹಾಕಿಸಿದಳು. ಆಕೆಯೇ ಕಂಡುಹಿಡಿದ ಮತ್ತೊಂದು ಆಟ ನ್ಯೂಕೂಮ್ ಬಾಲ್: ನಡುವೆ ಅಡ್ಡಗಟ್ಟು, ಎರಡೂ ಕಡೆ ತಂಡ, ಚೆಂಡನ್ನು ಹಿಡಿಯಬೇಕು, ಎದುರಿನವರ ಅಂಕಣಕ್ಕೆ ಎಸೆಯಬೇಕು. ಅದರ ವಿವರ ಓದುವಾಗ ನನಗೆ ನಮ್ಮ ಶಾಲೆಯ ಮೈದಾನ ಕಣ್ಣ ಮುಂದೆ ಬಂತು. ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ಥ್ರೋಬಾಲ್. ನೆಟ್ಟು ಒಂದೇ, ಚೆಂಡೂ ಹೆಚ್ಚುಕಡಿಮೆ ಒಂದೇ. ಆದರೆ ನಾವು ಹೊಡೆಯುವಂತಿರಲಿಲ್ಲ, ಹಿಡಿದು ಎಸೆಯಬೇಕಿತ್ತು. ಏಕೆ ಎಂದು ನಾವು ಯಾರೂ ಕೇಳಲಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಓದಿದ ಹುಡುಗಿಯರಿಗೆ ಈ ಗೆರೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಿಲ್ಲ.

ಗೆರೆ ಒಳಗಿನದಾಯಿತು. ಹೊರಗೆ ಕುಳಿತು ನೋಡುವವರದು ಇನ್ನೊಂದು ತಕರಾರು. 1896ರ ಏಪ್ರಿಲ್ 4ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ವಿದ್ಯಾರ್ಥಿನಿಯರು ಎದುರುಬದುರಾದಾಗ ನೂರಾರು ಹೆಂಗಸರು ನೋಡಲು ಬಂದರು. ಅಲ್ಲೂ ಗಂಡಸರಿಗೆ ಬಾಗಿಲು ಮುಚ್ಚಿತ್ತು. ಸ್ಟ್ಯಾನ್‌ಫರ್ಡ್ ಗೆದ್ದದ್ದು 2-1ರಿಂದ! ಮೂರೇ ವರ್ಷದಲ್ಲಿ ಸ್ಟ್ಯಾನ್‌ಫರ್ಡಿನ ಅಧ್ಯಾಪಕರು ಹುಡುಗಿಯರ ಅಂತರಕಾಲೇಜು ಪಂದ್ಯಗಳನ್ನೇ ನಿಷೇಧಿಸಿದರು. 1923ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾಗಲಿದ್ದ ಹರ್ಬರ್ಟ್ ಹೂವರ್‌ನ ಹೆಂಡತಿ ಲೂ ಹೆನ್ರಿ ಹೂವರ್‌ಳ ಮುಂದಾಳತ್ವದಲ್ಲಿ ವ್ಯಾಯಾಮ ಶಿಕ್ಷಕಿಯರು ಸೇರಿ ಒಂದು ನಿಲುವು ತಳೆದರು. ಆಟ ಎಲ್ಲ ಹುಡುಗಿಯರಿಗೂ ಬೇಕು. ಆದರೆ ಟಿಕೆಟ್ ಮಾರಿ ಜನ ಸೇರಿಸುವುದು, ಊರೂರು ತಿರುಗುವುದು, ಚಾಂಪಿಯನ್‌ಶಿಪ್ ನಡೆಸುವುದು ಬೇಡ. ಅವರ ವಾದದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಹುಡುಗರ ಕಾಲೇಜು ಆಟಗಳಲ್ಲಿ ದುಡ್ಡು ಮಾಡುತ್ತಿದ್ದ ಅನಾಹುತ ಅವರ ಕಣ್ಣೆದುರಿಗಿತ್ತು. ಆದರೆ ಅದರ ಫಲವಾಗಿ ದೇಶದ ಹಲವೆಡೆ ಹುಡುಗಿಯರ ಪಂದ್ಯಾವಳಿಗಳು ಒಂದೊಂದಾಗಿ ನಿಂತವು.

ತಮಾಷೆಯೆಂದರೆ ಲೂ ಹೆನ್ರಿ ಹುಟ್ಟಿದ್ದು ಅಯೋವಾದಲ್ಲಿ. ಆಕೆಯ ಮಾತಿಗೆ ಸೊಪ್ಪು ಹಾಕದ ರಾಜ್ಯವೂ ಅದೇ.

ಅಯೋವಾದಲ್ಲಿ 1920ರಿಂದ ಹುಡುಗಿಯರ ರಾಜ್ಯಮಟ್ಟದ ಹೈಸ್ಕೂಲು ಪಂದ್ಯಾವಳಿ ನಡೆಯುತ್ತಿತ್ತು. 1925ರಲ್ಲಿ ಶಾಲಾ ಕ್ರೀಡಾ ಸಂಘ ಅದನ್ನು ಕೈಬಿಡಲು ತೀರ್ಮಾನಿಸಿತು. ದೊಡ್ಡ ಊರುಗಳ ಶಾಲೆಗಳು ತಲೆಯಾಡಿಸಿದವು. ಸಣ್ಣ ಊರುಗಳ ಶಾಲಾಧಿಕಾರಿಗಳು ಮಾತ್ರ ಸಿಡಿದೆದ್ದು ಹುಡುಗಿಯರಿಗೆಂದೇ ಬೇರೆ ಸಂಘ ಕಟ್ಟಿಕೊಂಡರು. ಅವರನ್ನು ಸ್ತ್ರೀವಾದಿಗಳೆಂದು ಭ್ರಮಿಸಬೇಕಿಲ್ಲ. ಊರಿಗೊಂದು ಪುಟ್ಟ ಶಾಲೆ, ಬೆರಳೆಣಿಕೆಯ ಮಕ್ಕಳು, ಉದ್ದನೆಯ ಚಳಿಗಾಲ, ಸಂಜೆ ಹೋಗಲು ಬೇರೆ ಜಾಗವಿಲ್ಲ. ಜೊತೆಗೆ, ಹೊಲದಲ್ಲಿ ಅಪ್ಪನ ಸಮಕ್ಕೆ ಹುಲ್ಲಿನ ಕಂತೆ ಎತ್ತುವ ಮಗಳ ನರಮಂಡಲದ ಬಗ್ಗೆ ರೈತಾಪಿ ಮನೆಗಳಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಂತಿಲ್ಲ.

ಹೀಗೆ ಬೆಳೆದ ಆಟದ ಹೆಸರು ಸಿಕ್ಸ್-ಆನ್-ಸಿಕ್ಸ್. ಬೆರೆನ್ಸನ್‌ಳ ಮೂರು ಭಾಗ ಇಲ್ಲಿ ಎರಡಾಗಿತ್ತು. ತಂಡಕ್ಕೆ ಆರು ಹುಡುಗಿಯರು. ಮೂವರು ಫಾರ್ವರ್ಡ್‌ಗಳು ಗೆರೆಯ ಈಚೆ, ಮೂವರು ಗಾರ್ಡ್‌ಗಳು ಗೆರೆಯ ಆಚೆ. ಫಾರ್ವರ್ಡ್‌ಗಳ ಕೆಲಸ ಬುಟ್ಟಿಗೆ ಹಾಕುವುದು, ಗಾರ್ಡ್‌ಗಳ ಕೆಲಸ ತಡೆಯುವುದು. ಚೆಂಡನ್ನು ಎರಡೇ ಸಲ ಪುಟಿಸಬಹುದು. ಗೆರೆ ದಾಟುವಂತಿಲ್ಲ. ಗಾರ್ಡ್ ಆದವಳು ಹೈಸ್ಕೂಲಿನ ನಾಲ್ಕೂ ವರ್ಷ ಆಡಿದರೂ ಒಮ್ಮೆಯೂ ಬುಟ್ಟಿಯತ್ತ ಚೆಂಡು ಎಸೆಯದೆ ಮನೆಗೆ ಹೋಗುತ್ತಿದ್ದಳು. ಹೆಣ್ಣಿನ ಮೈ ದುರ್ಬಲ ಎಂಬ ನಂಬಿಕೆಯಿಂದ ಹುಟ್ಟಿದ ಈ ನಿಯಮದಿಂದ ಯಾರೂ ಎಣಿಸದ ಫಲ ಬಂತು. ಎರಡೇ ಪುಟಿತದಲ್ಲಿ ಮುಗಿಸಬೇಕಾದ್ದರಿಂದ ಪಾಸು ಚುರುಕಾಯಿತು, ಮೂವರೆದುರು ಮೂವರೇ ಇದ್ದುದರಿಂದ ಜಾಗ ತೆರೆಯಿತು, ಅಂಕಗಳು ಮಳೆಯಂತೆ ಸುರಿದವು. ಜನ ಮುಗಿಬಿದ್ದರು.

1968ರ ಫೈನಲ್ ಪಂದ್ಯವನ್ನು ಅಯೋವಾದ ಹಿರಿಯರು ಇಂದಿಗೂ ನೆನೆಯುತ್ತಾರೆ. ರಾಜಧಾನಿ ಡಿಮೊಯಿನ್‌ನ ಸಭಾಂಗಣ ಕಿಕ್ಕಿರಿದಿತ್ತು. ಯೂನಿಯನ್-ವಿಟ್ಟನ್ ಶಾಲೆಯ ಡಿನೀಸ್ ಲಾಂಗ್ 64 ಅಂಕ ಗಳಿಸಿದಳು. ಎದುರಾಳಿ ಎವರ್ಲಿ ಶಾಲೆಯ ಜೀನೆಟ್ ಓಲ್ಸನ್ ಒಬ್ಬಳೇ 76. ಹೆಚ್ಚುವರಿ ಸಮಯಕ್ಕೆ ಹೋದ ಪಂದ್ಯವನ್ನು ಯೂನಿಯನ್-ವಿಟ್ಟನ್ 113-107ರಿಂದ ಗೆದ್ದಿತು. ನಾಲ್ಕು ವರ್ಷಗಳಲ್ಲಿ ಲಾಂಗ್ ಒಟ್ಟು ಗಳಿಸಿದ ಅಂಕ 6,250. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್ ತಂಡ ಗಂಡಸರ ಎನ್‌ಬಿಎ ಆಯ್ಕೆಯ 13ನೇ ಸುತ್ತಿನಲ್ಲಿ ಆಕೆಯ ಹೆಸರು ಕೂಗಿತು. ಲೀಗಿನ ಮುಖ್ಯಸ್ಥರು ಆ ಆಯ್ಕೆಯನ್ನು ರದ್ದು ಮಾಡಿದರು. ತಂಡದ ಮಾಲೀಕನಿಗೆ ಅದು ಪ್ರಚಾರದ ತಂತ್ರವೇ ಆಗಿದ್ದಿರಬಹುದು. ಆದರೆ ಹದಿನೆಂಟು ತುಂಬಿದ ಲಾಂಗ್‌ಗೆ ಆಡಲು ಬೇರೆ ಯಾವ ಜಾಗವಿತ್ತು? ಹೆಣ್ಣುಮಕ್ಕಳಿಗೆ ಕಾಲೇಜು ಸ್ಕಾಲರ್‌ಶಿಪ್ ಎಂಬುದೇ ಇರಲಿಲ್ಲ, ನೆಚ್ಚಿಕೊಳ್ಳುವಂಥ ವೃತ್ತಿಪರ ಲೀಗೂ ಇರಲಿಲ್ಲ. ಮುಂದೆ ಆಕೆ ಔಷಧಶಾಸ್ತ್ರ ಓದಿ ಫಾರ್ಮಸಿಸ್ಟ್ ಆದಳು.

ನನ್ನ ಮಟ್ಟಿಗೆ ಇಡೀ ಚರಿತ್ರೆಯ ಗಂಟು ಇರುವುದು ಇಲ್ಲಿ. ಲಾಂಗ್‌ಗೆ ಪ್ರೇಕ್ಷಕರ ಕೊರತೆಯಿರಲಿಲ್ಲ. ಇಲ್ಲದ್ದು ಮಾರನೆಯ ದಿನ.

1972ರ ಜೂನ್ 23ರಂದು ಸಹಿಯಾದ 'ಟೈಟಲ್ ನೈನ್' ಕಾಯಿದೆ ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಆಧಾರದಲ್ಲಿ ಭೇದ ಮಾಡಬಾರದು ಎಂದಿತು. ಆ ವಾಕ್ಯದಲ್ಲಿ ಆಟ ಎಂಬ ಪದವೇ ಇಲ್ಲ. ಆದರೂ ಅದು ಅತಿ ಹೆಚ್ಚು ಬದಲಾಯಿಸಿದ್ದು ಆಟದ ಮೈದಾನವನ್ನೇ. 1971-72ರಲ್ಲಿ ಅಮೆರಿಕದ ಹೈಸ್ಕೂಲುಗಳಲ್ಲಿ 3 ಲಕ್ಷಕ್ಕೂ ಕಡಿಮೆ ಹುಡುಗಿಯರು ಶಾಲಾ ತಂಡಗಳಲ್ಲಿದ್ದರು. ಈಗ 30 ಲಕ್ಷಕ್ಕೂ ಹೆಚ್ಚು. ಕಾಲೇಜು ಹೆಂಗಸರ ಆಟ 1971ರಲ್ಲೇ ಗೆರೆ ಅಳಿಸಿ ಐದೈದು ಜನರ ಪೂರ್ಣ ಅಂಕಣಕ್ಕೆ ಬದಲಾಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿ ಸೇರಿತು. ಅಲ್ಲಿ ಮೊಟ್ಟಮೊದಲ ಅಂಕ ಗಳಿಸಿದವಳು ಮಿಸಿಸಿಪಿಯ ಕಪ್ಪು ಗೇಣಿದಾರರ ಮಗಳು ಲುಸಿಯಾ ಹ್ಯಾರಿಸ್. ಮರುವರ್ಷ ನ್ಯೂ ಆರ್ಲಿಯನ್ಸ್ ಜಾಜ್ ಎಂಬ ಎನ್‌ಬಿಎ ತಂಡ ಆಕೆಯನ್ನೂ ಆಯ್ಕೆ ಮಾಡಿತು. ಆಕೆ ಹೋಗಲಿಲ್ಲ. ಡಿನೀಸ್ ಲಾಂಗ್‌ಗೆ ಇಲ್ಲದ್ದು ಹ್ಯಾರಿಸ್‌ಗೂ ಇರಲಿಲ್ಲ: ತನ್ನದೇ ಆದ ಲೀಗು.

ಅದು ಬಂದದ್ದು 1978ರ ಡಿಸೆಂಬರ್ 9ರಂದು. ಮಿಲ್ವಾಕಿಯಲ್ಲಿ ಹೆಂಗಸರ ಮೊದಲ ವೃತ್ತಿಪರ ಲೀಗ್ ಡಬ್ಲ್ಯುಬಿಎಲ್‌ನ ಪ್ರಥಮ ಪಂದ್ಯಕ್ಕೆ 7,824 ಜನ ಸೇರಿದರು. ಅಯೋವಾದಿಂದಲೂ ಕಾರ್ನೆಟ್ಸ್ ಎಂಬ ತಂಡ ಬಂತು. ಅದರ ಮಾಲೀಕರಲ್ಲೊಬ್ಬ ಟ್ರ್ಯಾಂಪೊಲೀನ್ ಕಂಡುಹಿಡಿದ ಜಾರ್ಜ್ ನಿಸ್ಸೆನ್. ತಾರೆ ಮಾಲಿ ಬೋಲಿನ್, ಸಣ್ಣೂರಿನಲ್ಲಿ ಸಿಕ್ಸ್-ಆನ್-ಸಿಕ್ಸ್ ಆಡಿ ಬೆಳೆದವಳು. ಎರಡು ವರ್ಷವೂ ಕಾರ್ನೆಟ್ಸ್ ಫೈನಲ್ ತಲುಪಿ ಸೋತಿತು. ಮೂರನೆಯ ವರ್ಷಕ್ಕೆ ತಂಡವೇ ಇರಲಿಲ್ಲ. ಸಂಬಳದ ಚೆಕ್ಕುಗಳು ಬೌನ್ಸ್ ಆಗುತ್ತಿದ್ದ ಲೀಗು 1981ರಲ್ಲಿ ಮುಚ್ಚಿತು. ಹೆಂಗಸರ ಆಟಕ್ಕೆ ಜನ ಬರುವುದಿಲ್ಲ ಎಂಬ ಷರಾ ಬರೆದರು.

ಹಾಗಾದರೆ 1985ರ ಫೆಬ್ರವರಿ 3ರಂದು ಅಯೋವಾ ಸಿಟಿಯಲ್ಲಿ ಆದದ್ದೇನು? ವಿವಿಯನ್ ಸ್ಟ್ರಿಂಗರ್ ಎಂಬ ಕಪ್ಪು ಮಹಿಳೆ ಆಗ ಅಯೋವಾ ವಿಶ್ವವಿದ್ಯಾಲಯದ ತಂಡದ ಕೋಚ್. ಆಕೆಯನ್ನು ಕರೆತಂದವರು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಕ್ರಿಸ್ಟೀನ್ ಗ್ರಾಂಟ್, ಟೈಟಲ್ ನೈನ್‌ಗಾಗಿ ಬದುಕಿಡೀ ಬಡಿದಾಡಿದ ಕ್ರೀಡಾ ನಿರ್ದೇಶಕಿ. ಒಹಾಯೊ ಸ್ಟೇಟ್ ವಿರುದ್ಧದ ಅಂದಿನ ಪಂದ್ಯಕ್ಕೆ 22,157 ಜನ ಬಂದರು. ಆ ಒಳಾಂಗಣದಲ್ಲಿ ಅಷ್ಟು ಜನ ಹಿಡಿಸುವಂತೆಯೇ ಇರಲಿಲ್ಲ. ಮೆಟ್ಟಿಲುಗಳ ಮೇಲೆ, ಓಡಾಡುವ ದಾರಿಗಳಲ್ಲಿ ಕುಳಿತರು. ಕಾಲೇಜು ಹೆಂಗಸರ ಆಟದಲ್ಲಿ ಆಗ ಅದೇ ದಾಖಲೆ. ಅಂದರೆ ಕ್ಲಾರ್ಕ್ ಹುಟ್ಟುವ ಹದಿನೇಳು ವರ್ಷ ಮೊದಲೇ ಅದೇ ಊರು ಅದೇ ಕೆಲಸ ಮಾಡಿತ್ತು.

ಅಷ್ಟರಲ್ಲಿ ಸಿಕ್ಸ್-ಆನ್-ಸಿಕ್ಸ್‌ಗೆ ಕೊನೆಗಾಲ ಬಂದಿತ್ತು. ಕಾಲೇಜುಗಳು ಸ್ಕಾಲರ್‌ಶಿಪ್ ಕೊಡತೊಡಗಿದ್ದವು, ಆದರೆ ಎಂದೂ ಬುಟ್ಟಿಗೆ ಎಸೆಯದ ಗಾರ್ಡನ್ನು ಯಾವ ಕಾಲೇಜು ಕರೆದೀತು? 1983ರಲ್ಲಿ ಕೆಲವು ಹುಡುಗಿಯರು ಈ ನಿಯಮಗಳೇ ತಾರತಮ್ಯ ಎಂದು ನ್ಯಾಯಾಲಯಕ್ಕೆ ಹೋದರು. ದೊಡ್ಡ ಶಾಲೆಗಳು ಐವರ ಆಟಕ್ಕೆ ಹೊರಳಿದವು. 1993ರಲ್ಲಿ ಅಯೋವಾ ಕೊನೆಯ ಸಿಕ್ಸ್-ಆನ್-ಸಿಕ್ಸ್ ಪಂದ್ಯಾವಳಿ ನಡೆಸಿತು. ಅದಕ್ಕಾಗಿ ಅತ್ತವರೂ ಇದ್ದಾರೆ. ಅತ್ತವರಲ್ಲಿ ಆ ಆಟ ಆಡಿದ ಹೆಂಗಸರೇ ಹೆಚ್ಚು. ಅವರ ದುಃಖವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಊರಿಗೆ ಊರೇ ತಮ್ಮನ್ನು ನೋಡಲು ಕಾರು ಕಟ್ಟಿಕೊಂಡು ರಾಜಧಾನಿಗೆ ಬರುತ್ತಿದ್ದುದನ್ನು ಕಂಡವರು ಅವರು. ಆದರೆ ಆ ವೈಭವ ಎಲ್ಲರದೂ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ದೊಡ್ಡ ಊರುಗಳ ಶಾಲೆಗಳು ದಶಕಗಳ ಕಾಲ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕೊಡಲೇ ಇಲ್ಲ. ಅಯೋವಾದ ಕಪ್ಪು ಕುಟುಂಬಗಳು ಹೆಚ್ಚಾಗಿ ಇದ್ದದ್ದು ಆ ಊರುಗಳಲ್ಲೇ.

ಈ ಮಾತು ಕ್ಲಾರ್ಕ್‌ಳ ಕಾಲಕ್ಕೂ ಬರುತ್ತದೆ. ಡಬ್ಲ್ಯುಎನ್‌ಬಿಎ ಆಟಗಾರ್ತಿಯರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು. ನಾಲ್ಕು ಬಾರಿ ಲೀಗಿನ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಪಡೆದ ಏಜಾ ವಿಲ್ಸನ್ ಇದ್ದಾಳೆ. ಅಯೋವಾವನ್ನು ಫೈನಲಿನಲ್ಲಿ ಮಣಿಸಿದ ಸೌತ್ ಕೆರೊಲಿನಾದ ಕೋಚ್ ಡಾನ್ ಸ್ಟೇಲಿ ಇದ್ದಾಳೆ. ಹಾಗಿರುವಾಗ ಕಟ್ಟಿದ ಮನೆಯ ಕೀರ್ತಿಯೆಲ್ಲ ಒಬ್ಬ ಬಿಳಿ ಹುಡುಗಿಗೆ ಹೋದದ್ದು ಏಕೆ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಬಿಳಿಯಳಾಗಿರುವುದರ ಅನುಕೂಲ ತನಗೆ ಸಿಕ್ಕಿದೆ ಎಂದು ಕ್ಲಾರ್ಕ್ 2024ರ ಕೊನೆಯಲ್ಲಿ ತಾನಾಗಿಯೇ ಒಪ್ಪಿಕೊಂಡಳು.

ದಾಖಲೆಗಳ ಕಥೆ ಇನ್ನೂ ವಿಚಿತ್ರ. 2024ರ ಫೆಬ್ರವರಿ 15ರಂದು ಕ್ಲಾರ್ಕ್ ಕಾಲೇಜು ಹೆಂಗಸರ ಅಂಕಗಳ ದಾಖಲೆ ಮುರಿದಳೆಂದು ದೇಶವೆಲ್ಲ ಸಂಭ್ರಮಿಸಿತು. ಆಕೆ ದಾಟಿದ್ದು ಕೆಲ್ಸಿ ಪ್ಲಮ್‌ಳ 3,527 ಅಂಕಗಳನ್ನು. ಆದರೆ ಕ್ಯಾನ್ಸಸ್‌ನ ಲಿನೆಟ್ ವುಡರ್ಡ್ 1981ರಲ್ಲೇ 3,649 ಗಳಿಸಿ ಕಾಲೇಜು ಬಿಟ್ಟಿದ್ದಳು. ಆ ಅಂಕಗಳು ಲೆಕ್ಕಕ್ಕಿರಲಿಲ್ಲ. ಆಗ ಹೆಂಗಸರ ಕಾಲೇಜು ಆಟಗಳನ್ನು ನಡೆಸುತ್ತಿದ್ದುದು ಎಐಎಡಬ್ಲ್ಯು ಎಂಬ, ಹೆಂಗಸರೇ ಕಟ್ಟಿದ ಸಂಸ್ಥೆ. ಗಂಡಸರ ಆಟಗಳನ್ನು ನೋಡಿಕೊಳ್ಳುತ್ತಿದ್ದ ಎನ್‌ಸಿಎಎ 1982ರ ಹೊತ್ತಿಗೆ ಅದನ್ನು ನುಂಗಿ ಹಾಕಿತು. ಹಳೆಯ ಲೆಕ್ಕಪುಸ್ತಕಗಳನ್ನು ಮಾತ್ರ ತನ್ನದೆಂದು ಒಪ್ಪಿಕೊಳ್ಳಲಿಲ್ಲ. ಎರಡು ವಾರದ ನಂತರ ಕ್ಲಾರ್ಕ್ ವುಡರ್ಡ್‌ಳ ಅಂಕಗಳನ್ನೂ ದಾಟಿದಳು. ಮಾರ್ಚ್ 3ರಂದು ಗಂಡಸರ ದಾಖಲೆಯೂ ಬಿದ್ದಾಗ ವುಡರ್ಡ್ ಅದೇ ಅಂಗಳದಲ್ಲಿ ಅತಿಥಿಯಾಗಿ ಕುಳಿತಿದ್ದಳು. ಸಣ್ಣ ಕಾಲೇಜಿನ ಪರ್ಲ್ ಮೂರ್ 1970ರ ದಶಕದಲ್ಲಿ ಗಳಿಸಿದ 4,061 ಅಂಕಗಳನ್ನು ಕ್ಲಾರ್ಕ್ ಕೂಡ ಮುಟ್ಟಲಿಲ್ಲ. ಆಕೆ ನಿಂತದ್ದು 3,951ಕ್ಕೆ.

ವೃತ್ತಿಪರ ಲೀಗಿನ ಅಂಕಿಅಂಶಗಳಲ್ಲೂ ಇದೇ ಮರೆವು ಕಾಣುತ್ತದೆ. 2024ರಲ್ಲಿ ಡಬ್ಲ್ಯುಎನ್‌ಬಿಎ ಪಂದ್ಯಗಳಿಗೆ ಬಂದ ಜನ 22 ವರ್ಷಗಳಲ್ಲೇ ಅತಿ ಹೆಚ್ಚು ಎಂದು ಲೀಗು ಹೆಮ್ಮೆಯಿಂದ ಹೇಳಿತು. ಹಾಗೆಂದರೆ 22 ವರ್ಷಗಳ ಹಿಂದೆ ಅದಕ್ಕಿಂತ ಹೆಚ್ಚು ಜನ ಬರುತ್ತಿದ್ದರು! 1997ರ ಜೂನ್ 21ರ ಮೊದಲ ಪಂದ್ಯಕ್ಕೆ 14,284 ಜನ ಸೇರಿದ್ದರು. ಮರುವರ್ಷ ಪಂದ್ಯಕ್ಕೆ ಸರಾಸರಿ 10 ಸಾವಿರಕ್ಕೂ ಹೆಚ್ಚು. ಮೊದಲ ನಾಲ್ಕೂ ವರ್ಷ ಚಾಂಪಿಯನ್ ಆದ ಹ್ಯೂಸ್ಟನ್ ಕಾಮೆಟ್ಸ್ ಕೊಳ್ಳುವವರಿಲ್ಲದೆ 2008ರಲ್ಲಿ ಮುಚ್ಚಿತು. ಈ ಲೀಗು ಆಡುವುದು ಬೇಸಿಗೆಯಲ್ಲಿ, ಎಂದರೆ ಎನ್‌ಬಿಎ ಅಂಗಳಗಳು ಖಾಲಿ ಬಿದ್ದಿರುವ ತಿಂಗಳುಗಳಲ್ಲಿ. ಸಂಬಳ ಸಾಲದೆ ಆಟಗಾರ್ತಿಯರು ಚಳಿಗಾಲದಲ್ಲಿ ರಷ್ಯಾ, ಟರ್ಕಿ, ಚೀನಾಗಳಿಗೆ ದುಡಿಯಲು ಹೋಗುತ್ತಿದ್ದರು. ಬ್ರಿಟ್ನಿ ಗ್ರೈನರ್ 2022ರಲ್ಲಿ ರಷ್ಯಾದಲ್ಲಿ ಸೆರೆಯಾಗಿ ಹತ್ತು ತಿಂಗಳು ಕಳೆದದ್ದನ್ನು ಎಲ್ಲರೂ ಓದಿದ್ದೇವೆ. ತನ್ನ ದೇಶದ ಅತ್ಯುತ್ತಮರಲ್ಲಿ ಒಬ್ಬಳಾದ ಆಕೆ ಅಲ್ಲಿಗೆ ಹೋದದ್ದೇಕೆ ಎಂದು ಕೇಳಿದವರು ಕಡಿಮೆ.

ಈ ಸಲ ಬದಲಾಗಿರುವುದು ದುಡ್ಡಿನ ಪ್ರಮಾಣ. 2024ರ ಜುಲೈನಲ್ಲಿ ಲೀಗಿನ ಪ್ರಸಾರ ಹಕ್ಕುಗಳಿಗೆ 11 ವರ್ಷಕ್ಕೆ ಸುಮಾರು 220 ಕೋಟಿ ಡಾಲರಿನ ಒಪ್ಪಂದವಾಯಿತು. ಅದೇ ವರ್ಷ ಕ್ಲಾರ್ಕ್‌ಳ ಲೀಗ್ ಸಂಬಳ 76,535 ಡಾಲರ್. ಗಂಡಸರ ಲೀಗಿನಲ್ಲಿ ಮೊದಲನೆಯವನಾಗಿ ಆಯ್ಕೆಯಾದವನಿಗೆ ಮೊದಲ ವರ್ಷವೇ ಒಂದು ಕೋಟಿ ಡಾಲರಿಗೂ ಹೆಚ್ಚು. ಜಾಹೀರಾತಿನಿಂದ ಕ್ಲಾರ್ಕ್‌ಗೆ ಬೇಕಾದಷ್ಟು ಬರುತ್ತದೆ ನಿಜ, ಬೆಂಚಿನ ಕೊನೆಯಲ್ಲಿ ಕೂರುವ ಹನ್ನೆರಡನೆಯ ಆಟಗಾರ್ತಿಗೆ ಬರುವುದಿಲ್ಲ. ಎನ್‌ಬಿಎ ಆಟಗಾರರಿಗೆ ಲೀಗಿನ ಆದಾಯದ ಸುಮಾರು ಅರ್ಧ ಪಾಲು ಸಿಗುತ್ತದೆ. ಹೆಂಗಸರ ಪಾಲು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ.

2025ರ ಜುಲೈ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ಲೀಗಿನ ಆಲ್-ಸ್ಟಾರ್ ಪಂದ್ಯ. ಅಭ್ಯಾಸಕ್ಕೆ ಇಳಿದ ಆಟಗಾರ್ತಿಯರೆಲ್ಲ ಒಂದೇ ಬಗೆಯ ಕಪ್ಪು ಟೀ ಶರ್ಟ್ ತೊಟ್ಟಿದ್ದರು. ನಮಗೆ ಕೊಡಬೇಕಾದ್ದನ್ನು ಕೊಡಿ ಎಂದು ಎದೆಯ ಮೇಲೆ ಬರೆದಿತ್ತು. 36 ಅಂಕ ಗಳಿಸಿದ ನಫೀಸಾ ಕಾಲಿಯರ್‌ಗೆ ಲೀಗಿನ ಮುಖ್ಯಸ್ಥೆ ಟ್ರೋಫಿ ಕೊಡುವಾಗ ಮೇಲಿನ ಸಾಲುಗಳಿಂದ ಕೂಗು ಎದ್ದಿತು. ಮೊದಲು ಚದುರಿದಂತೆ, ಆಮೇಲೆ ಒಟ್ಟಾಗಿ. ಅಂಗಳದಲ್ಲಿದ್ದ ಹೆಂಗಸರು, ಗಂಡಸರು, ಮಕ್ಕಳು ಕೂಗುತ್ತಿದ್ದರು: ಅವರಿಗೆ ದುಡ್ಡು ಕೊಡಿ, ಅವರಿಗೆ ದುಡ್ಡು ಕೊಡಿ.